ಓದುವ ಕಣ್ಣು, ಬೀಸುವ ಕೈ



ಸಂಜೆಯ ಹೊತ್ತು ನಮ್ಮ ಪಟ್ಟಣಗಳ ಶಾಲಾ ಮೈದಾನಗಳಲ್ಲಿ ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದು, ಗಾಳಿಯಲ್ಲಿ ಕಾಲು ಬೀಸುವ ಬಾಲಕ ಬಾಲಕಿಯರನ್ನು ತಾವು ಕಂಡಿರಬಹುದು. ಅವರಲ್ಲಿ ಅನೇಕರು ಕಲಿಯುತ್ತಿರುವುದು ಟೇಕ್ವಾಂಡೊ ಎಂಬ ಕೊರಿಯಾ ದೇಶದ ಕಾಳಗ ವಿದ್ಯೆ. ಇದು ಎರಡು ಸಾವಿರ ವರ್ಷಗಳಿಂದ ಹಾಗೆಯೇ ಬಂದ ವಿದ್ಯೆಯೆಂದು ಅವರಿಗೆ ಹೇಳುವವರುಂಟು. ಆದರೆ ಚರಿತ್ರೆ ಬೇರೆಯಾಗಿದೆ. ಕೊರಿಯಾದ ಮೇಲಿನ ಜಪಾನಿನ ಆಳ್ವಿಕೆ 1945ರಲ್ಲಿ ಕೊನೆಗೊಂಡಿತು. ಅದರ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಕೆಲವು ಗರಡಿಗಳಿಂದ ಈ ವಿದ್ಯೆ ರೂಪುಗೊಂಡಿತು. ಆ ಗರಡಿಗಳ ಸ್ಥಾಪಕರಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತು ಬಂದವರು. ಟೇಕ್ವಾಂಡೊ ಎಂಬ ಹೆಸರು ಮುಂದಕ್ಕೆ ಬಂದದ್ದೇ 1955ರಲ್ಲಿ.

ಇದರಿಂದ ಆ ವಿದ್ಯೆಯ ಬೆಲೆ ಕುಂದುವುದಿಲ್ಲ. ಆದರೆ ಅಭ್ಯಾಸದ ಜೊತೆಗೆ ಅಧ್ಯಯನವಿಲ್ಲದಿದ್ದರೆ ಕೇಳಿದ್ದೆಲ್ಲವೂ ಇತಿಹಾಸವಾಗಿಬಿಡುತ್ತದೆ ಎಂಬುದಂತೂ ನಿಜ. ಈ ಮಾತನ್ನು ಕೊರಿಯಾದ ಹಿರಿಯರೇ ಇನ್ನೂರು ವರ್ಷಗಳಿಗೂ ಹಿಂದೆ ಮನಗಂಡಿದ್ದರು. 1790ರಲ್ಲಿ ಸಿದ್ಧವಾದ ‘ಮುಯೆ ದೊಬೊ ತೊಂಗ್‌ಜಿ’ ಎಂಬ ಸಚಿತ್ರ ಗ್ರಂಥವೇ ಇದಕ್ಕೆ ಸಾಕ್ಷಿ.

ಜೊಸೊನ್ ಅರಸುಮನೆತನದ ಕಾಲದಲ್ಲಿ ಕೊರಿಯಾ ಲೇಖನಿಗೆ ಕೊಟ್ಟ ಮರ್ಯಾದೆಯನ್ನು ಖಡ್ಗಕ್ಕೆ ಕೊಡಲಿಲ್ಲ. 1592ರಲ್ಲಿ ಜಪಾನಿನ ಸೈನ್ಯ ದಂಡೆತ್ತಿ ಬಂದಾಗ ಮೂರೇ ವಾರಗಳಲ್ಲಿ ರಾಜಧಾನಿ ಕೈಬಿಟ್ಟಿತು. ಆ ಪೆಟ್ಟಿನಿಂದ ಎಚ್ಚೆತ್ತು, 1598ರಲ್ಲಿ ಆರು ಬಗೆಯ ಆಯುಧ ವಿದ್ಯೆಗಳನ್ನು ಹೇಳುವ ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸಿದರು. 1759ರಲ್ಲಿ ಯುವರಾಜ ಸಾದೊ ಅದಕ್ಕೆ ಹನ್ನೆರಡನ್ನು ಕೂಡಿಸಿ ಹದಿನೆಂಟು ಮಾಡಿಸಿದ. ಮೂರು ವರ್ಷಗಳ ತರುವಾಯ ಈ ಯುವರಾಜನನ್ನು ಅವನ ತಂದೆಯಾದ ದೊರೆಯೇ ಅಕ್ಕಿಯ ಪೆಟ್ಟಿಗೆಯೊಂದರಲ್ಲಿ ಮುಚ್ಚಿಸಿ ಕೊಲ್ಲಿಸಿದ. ಆಗ ಸಾದೊನ ಮಗನಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಆ ಮಗನೇ 1776ರಲ್ಲಿ ಜೊಂಗ್‌ಜೊ ಎಂಬ ಹೆಸರಿನಿಂದ ಪಟ್ಟವೇರಿದ. ತಂದೆಯ ಹದಿನೆಂಟು ವಿದ್ಯೆಗಳಿಗೆ ಕುದುರೆಯ ಮೇಲಿನ ಆರನ್ನು ಸೇರಿಸಿ, ಇಪ್ಪತ್ತನಾಲ್ಕು ವಿದ್ಯೆಗಳ ಮಹಾಗ್ರಂಥವನ್ನು ರಚಿಸಲು ಅಪ್ಪಣೆ ಮಾಡಿದವನು ಅವನೇ. ಸೇಡಿನ ಮಾರ್ಗವೂ ಅವನೆದುರಿಗೆ ತೆರೆದೇ ಇತ್ತು. ಆದರೆ ತಂದೆ ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಪೂರ್ಣಗೊಳಿಸಿದ್ದು ಮಗನಾಗಿ ಅವನು ಸಲ್ಲಿಸಿದ ನಿಜವಾದ ತರ್ಪಣವಾಯಿತು.

ಈ ಕಾರ್ಯಕ್ಕೆ ದೊರೆ ಆರಿಸಿಕೊಂಡ ಮೂವರು ಯಾರೆಂಬುದು ಗಮನಾರ್ಹ. ಯಿ ದೊಕ್‌ಮು ಮತ್ತು ಪಾಕ್ ಜೆಗಾ ಇಬ್ಬರು ವಿದ್ವಾಂಸರು. ಬೆಕ್ ದೊಂಗ್‌ಸು ಒಬ್ಬ ಯೋಧ. ಮೂವರೂ ಉಪಪತ್ನಿಯ ಸಂತತಿಗೆ ಸೇರಿದವರು. ಆ ಕಾಲದ ಕಟ್ಟಳೆಯಂತೆ ಅಂಥವರಿಗೆ ಉನ್ನತ ಪದವಿಗಳ ಬಾಗಿಲು ಮುಚ್ಚಿತ್ತು. ಯಿ ದೊಕ್‌ಮು ತನ್ನನ್ನು ತಾನೇ ‘ಪುಸ್ತಕದ ಮರುಳ’ನೆಂದು ಕರೆದುಕೊಂಡವನು. ಒಮ್ಮೆ ಮನೆಯಲ್ಲಿ ಹಸಿವು ತಾಳಲಾಗದೆ, ತನ್ನ ಪ್ರೀತಿಯ ಮೆನ್ಷಿಯಸ್ ಗ್ರಂಥವನ್ನೇ ಮಾರಿ ಊಟ ಮಾಡಿದ ಪ್ರಸಂಗವನ್ನು ಗೆಳೆಯನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಬೆಕ್ ದೊಂಗ್‌ಸು ಅವನ ಭಾವಮೈದುನ. ಸೈನಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಹುದ್ದೆ ದೊರೆಯದೆ, ಬೆಟ್ಟದ ಸೀಮೆಗೆ ಹೋಗಿ ಬೇಸಾಯ ಮಾಡಿಕೊಂಡಿದ್ದವನು. ಹುಟ್ಟಿನ ಕಾರಣದಿಂದ ನಾಡು ಬದಿಗೊತ್ತಿದ್ದ ಮೂವರ ಕೈಗೆ ದೊರೆ ನಾಡಿನ ರಕ್ಷಣೆಯ ವಿದ್ಯೆಯನ್ನು ಒಪ್ಪಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಅವರು ಕೆಲಸ ಮಾಡಿದ ರೀತಿಯೂ ಮಾದರಿಯಾದದ್ದು. ವಿದ್ವಾಂಸರಿಬ್ಬರು ಹಳೆಯ ಗ್ರಂಥಗಳನ್ನು ಶೋಧಿಸಿ ಬರೆಯುವರು. ಯೋಧನು ಪ್ರತಿಯೊಂದು ವರಸೆಯನ್ನೂ ಸೈನಿಕರೊಡನೆ ಮಾಡಿಸಿ ಪರೀಕ್ಷಿಸುವನು. ಭಾವ ಓದಿದ್ದನ್ನು ಭಾವಮೈದುನ ಕತ್ತಿ ಹಿಡಿದು ತೂಗಿ ನೋಡುತ್ತಿದ್ದನೆನ್ನಬಹುದು. ಚೀನಾದಿಂದ ಬಂದ ಪಟ್ಟನ್ನು ಚೀನಾದ್ದೆಂದೂ, ವೈರಿಯಾಗಿದ್ದ ಜಪಾನಿನ ಕತ್ತಿವರಸೆಯನ್ನು ಜಪಾನಿನದೆಂದೂ ಮುಚ್ಚುಮರೆಯಿಲ್ಲದೆ ನಮೂದಿಸಿದರು. ಎರವಲು ತಂದದ್ದನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ. ಸಾಮಾನ್ಯ ಸೈನಿಕನಿಗೆ ಪಂಡಿತರ ಚೀನೀ ಲಿಪಿ ಬಾರದೆಂಬುದನ್ನು ನೆನೆದು, ಜನರ ನುಡಿಯಲ್ಲಿ, ಹಂಗುಲ್ ಲಿಪಿಯಲ್ಲಿಯೂ ಒಂದು ಸಂಪುಟವನ್ನು ಕೊಟ್ಟರು.

ಆ ಗ್ರಂಥದಲ್ಲಿ ಮನಮುಟ್ಟುವ ಸಂಗತಿಯೊಂದಿದೆ. ಕೊರಿಯಾದ ಪ್ರಾಚೀನ ಕತ್ತಿವರಸೆಯೊಂದು ಸ್ವದೇಶದಲ್ಲಿ ಮರೆತುಹೋಗಿತ್ತು. ಚೀನಾದ ಮಾವೊ ಯುವಾನ್‌ಯಿ ಎಂಬಾತ 1621ರ ತನ್ನ ಯುದ್ಧಶಾಸ್ತ್ರ ಗ್ರಂಥದಲ್ಲಿ ಅದನ್ನು ವಿವರಿಸಿ, ತನಗೆ ಇದು ಜೊಸೊನ್ ದೇಶದಿಂದ ದೊರೆಯಿತೆಂದು ಬರೆದಿಟ್ಟಿದ್ದ. ತಮ್ಮ ಮನೆಯ ಒಡವೆಯನ್ನು ನೆರೆಮನೆಯ ಪೆಟ್ಟಿಗೆಯಿಂದ ಬಿಡಿಸಿ ತರುವಂತೆ, ಈ ಮೂವರು ಆ ವಿದ್ಯೆಯನ್ನು ಅನ್ಯದೇಶದ ಹೊತ್ತಗೆಯಿಂದ ಮರಳಿ ತರಬೇಕಾಯಿತು. ಕೈಯಲ್ಲಿ ಮಾತ್ರ ಉಳಿದ ವಿದ್ಯೆ ಕೈಯೊಡನೆಯೇ ಮಣ್ಣಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಮುಂದಿನ ಕಥೆ ಅವರ ಭಯ ಸುಳ್ಳಲ್ಲವೆಂದು ತೋರಿಸಿತು. 1800ರಲ್ಲಿ ಜೊಂಗ್‌ಜೊ ತೀರಿಕೊಂಡ. ಅವನ ಅಂಗರಕ್ಷಕ ಪಡೆಯನ್ನು 1802ರಲ್ಲಿ ವಿಸರ್ಜಿಸಲಾಯಿತು. 1907ರಲ್ಲಿ ಜಪಾನಿನ ಒತ್ತಾಯದಿಂದ ಕೊರಿಯಾದ ಸೈನ್ಯವೇ ಇಲ್ಲವಾಯಿತು. ಕಲಿಸುವ ಕೈಗಳು ವಿರಳವಾದವು, ಗ್ರಂಥ ಮಾತ್ರ ಉಳಿಯಿತು. ಇಂದು ಸುವೊನ್ ನಗರದಲ್ಲಿ, ಜೊಂಗ್‌ಜೊ ಕಟ್ಟಿಸಿದ ಹ್ವಾಸೊಂಗ್ ಕೋಟೆಯ ಅರಮನೆಯೆದುರು ಪ್ರೇಕ್ಷಕರು ಕಾಣುವ ಇಪ್ಪತ್ತನಾಲ್ಕು ವಿದ್ಯೆಗಳ ಪ್ರದರ್ಶನ, ಆ ಗ್ರಂಥದ ಚಿತ್ರಗಳನ್ನೂ ವಿವರಣೆಯನ್ನೂ ಆಧರಿಸಿ ಮತ್ತೆ ಕಟ್ಟಿಕೊಂಡದ್ದು. 2017ರಲ್ಲಿ ಉತ್ತರ ಕೊರಿಯಾದ ಕೋರಿಕೆಯ ಮೇಲೆ ಯುನೆಸ್ಕೊ ಈ ಗ್ರಂಥವನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.

ಹಾಗಾದರೆ ಗ್ರಂಥವೊಂದೇ ಸಾಕೆ? ಸಾಲದು. ಕೊರಿಯಾದಲ್ಲಿಯೇ ತೆಕ್ಯೊನ್ ಎಂಬ ಇನ್ನೊಂದು ವಿದ್ಯೆಯಿದೆ. ಕುಣಿತದಂಥ ಹೆಜ್ಜೆಯಿಡುತ್ತ, ಎದುರಾಳಿಯನ್ನು ಕಾಲಿನಿಂದ ಕೆಡಹುವ ಜನಪದ ಆಟವದು. ಅದಕ್ಕೆ ಇಂಥ ಗ್ರಂಥದ ಆಸರೆ ಇರಲಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಅದು ನಶಿಸುತ್ತ ಬಂದಾಗ, 1893ರಲ್ಲಿ ಜನಿಸಿದ ಸೊಂಗ್ ದೊಕ್‌ಗಿ ಎಂಬ ಹಿರಿಯರು ತಮ್ಮ ದೇಹದಲ್ಲಿಯೇ ಅದನ್ನು ಕಾಪಾಡಿಕೊಂಡು ಬಂದರು. 1983ರಲ್ಲಿ ಸರ್ಕಾರ ಅದನ್ನು ರಾಷ್ಟ್ರದ ಸಾಂಸ್ಕೃತಿಕ ಆಸ್ತಿಯೆಂದು ಮನ್ನಿಸಿದಾಗ ಅವರಿಗೆ ತೊಂಬತ್ತರ ವಯಸ್ಸು, 1987ರಲ್ಲಿ ತೀರಿಕೊಂಡರು. ಕಿರಿಯರು ಅವರಲ್ಲಿ ಕಲಿಯದೆ ಹೋಗಿದ್ದರೆ, 2011ರಲ್ಲಿ ಯುನೆಸ್ಕೊ ಗೌರವ ಪಡೆದ ಆ ವಿದ್ಯೆ ಬಹುಶಃ ಹೆಸರಾಗಿ ಮಾತ್ರ ಉಳಿಯುತ್ತಿತ್ತು.

ಒಂದು ವಿದ್ಯೆಯನ್ನು ಕಾಗದ ಉಳಿಸಿತು, ಇನ್ನೊಂದನ್ನು ಒಬ್ಬ ವೃದ್ಧರ ಕಾಲುಗಳು ಉಳಿಸಿದವು. ಎರಡೂ ಕೂದಲೆಳೆಯ ಅಂತರದಲ್ಲಿ ಪಾರಾದವು. ಗ್ರಂಥವಿದ್ದೂ ಸಾಧಕನಿಲ್ಲದಿದ್ದರೆ ಕಟ್ಟಿಟ್ಟ ವೀಣೆಯಂತೆ ನಾದವಿಲ್ಲ. ಸಾಧಕನಿದ್ದೂ ಬರಹವಿಲ್ಲದಿದ್ದರೆ ವಿದ್ಯೆಗೆ ನಾಳೆಯ ಭರವಸೆಯಿಲ್ಲ. ಅರಿವು ಮತ್ತು ಆಚರಣೆ ಕೂಡಿದಾಗಲೇ ವಿದ್ಯೆಗೆ ಆಯುಷ್ಯ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮ ಮಗನೋ ಮಗಳೋ ಟೇಕ್ವಾಂಡೊ ಕಲಿತು ಮನೆಗೆ ಬಂದಾಗ, ಎಷ್ಟನೆಯ ಪಟ್ಟಿ ಬಂತೆಂದು ಮಾತ್ರ ಕೇಳಬೇಡಿ. ಇಂದು ಕಲಿತ ಹೆಜ್ಜೆ ಯಾವುದು, ಅದರ ಹೆಸರಿನ ಅರ್ಥವೇನು, ಅದನ್ನು ಏಕೆ ಹಾಗೆ ಇಡಬೇಕು ಎಂದೂ ಕೇಳಿ. ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ಬರೆದದ್ದನ್ನು ಅಂಗಳದಲ್ಲಿ ಮಾಡಿ ತೋರಿಸಲು ಹೇಳಿ. ಮನೆಯೆಂಬ ಆ ಚಿಕ್ಕ ಗರಡಿಯಲ್ಲಿ ಓದುವ ಕಣ್ಣೂ ಬೀಸುವ ಕೈಯೂ ಜೊತೆಯಾಗಿ ಬೆಳೆಯಲಿ.