ಸಣ್ಣ ಕ್ಲಬ್ಬಿನ ಗುರುವಿಗೆ ದೊಡ್ಡ ಕ್ಲಬ್ಬಿನ ಪರೀಕ್ಷೆ

ಸಣ್ಣ ಕ್ಲಬ್ಬನ್ನು ಎತ್ತಿ ನಿಲ್ಲಿಸಿದ ಫುಟ್‌ಬಾಲ್ ತರಬೇತುದಾರ ದೊಡ್ಡ ಕ್ಲಬ್ಬಿನಲ್ಲೂ ಗೆಲ್ಲಬಲ್ಲನೇ? ಇಂಗ್ಲೆಂಡಿನಲ್ಲಿ ಈ ಚರ್ಚೆ ಎದ್ದಾಗ ಡೇವಿಡ್ ಮೋಯ್ಸ್ ಹೆಸರು ಬರುತ್ತದೆ. ಕೈಯಲ್ಲಿ ಕಾಸು ಕಡಿಮೆಯಿದ್ದರೂ ಎವರ್ಟನ್ ತಂಡವನ್ನು 11 ವರ್ಷ ತಲೆಯೆತ್ತಿ ನಡೆಯುವಂತೆ ಮಾಡಿದವರು ಅವರು. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು 6 ವರ್ಷಗಳ ಒಪ್ಪಂದದ ಮೇಲೆ ಕರೆತಂದಿತು. ಹತ್ತು ತಿಂಗಳು ತುಂಬುವ ಮೊದಲೇ ಮನೆಗೆ ಕಳಿಸಿತು. ಹಿಂದಿನ ವರ್ಷದ ಚಾಂಪಿಯನ್ ತಂಡ ಏಳನೆಯ ಸ್ಥಾನಕ್ಕೆ ಇಳಿದಿತ್ತು.

ಹಾಗಾದರೆ ಮೋಯ್ಸ್ ದಡ್ಡರೇ? ತೀರ್ಪು ಕೊಡುವ ಮುನ್ನ ಕೆಲಸದ ವ್ಯತ್ಯಾಸ ನೋಡಿ. ಸಣ್ಣ ಕ್ಲಬ್ಬಿನಲ್ಲಿ ಆಟಗಾರರನ್ನು ತರಬೇತುದಾರನೇ ಆರಿಸಿ ಬೆಳೆಸಿರುತ್ತಾನೆ. ಅವನ ಮಾತೇ ವೇದವಾಕ್ಯ. ಬಲಾಢ್ಯರೊಡನೆ ಡ್ರಾ ಮಾಡಿಕೊಂಡರೂ ಊರು ಚಪ್ಪಾಳೆ ತಟ್ಟುತ್ತದೆ. ದೊಡ್ಡ ಕ್ಲಬ್ಬಿನಲ್ಲಿ ಡ್ರಾ ಕೂಡ ಸೋಲೇ. ಎದುರಾಳಿಗಳು ಗೋಲಿನ ಮುಂದೆ ಗೋಡೆಯಂತೆ ನಿಲ್ಲುತ್ತಾರೆ. ಅದನ್ನು ಒಡೆಯುವ ವಿದ್ಯೆಯೇ ಬೇರೆ. ಆಗಲೇ ಪದಕ ಗೆದ್ದ ಆಟಗಾರರು ಹೊಸಬನ ಮಾತನ್ನು ತೂಗಿ ನೋಡುತ್ತಾರೆ.

ಡರ್ಬಿ ಕೌಂಟಿಯನ್ನು ಎರಡನೆಯ ದರ್ಜೆಯಿಂದ ಮೇಲೆತ್ತಿ 1972ರಲ್ಲಿ ಚಾಂಪಿಯನ್ ಮಾಡಿದ ಬ್ರಯಾನ್ ಕ್ಲಫ್, 1974ರಲ್ಲಿ ಚಾಂಪಿಯನ್ ತಂಡ ಲೀಡ್ಸ್ ಸೇರಿ 44 ದಿನಗಳಲ್ಲಿ ಹೊರಬಿದ್ದರು. ಆಟಗಾರರ ಮನಸ್ಸನ್ನು ಅವರು ಗೆಲ್ಲಲಿಲ್ಲ. ಅದೇ ಕ್ಲಫ್, ಎರಡನೆಯ ದರ್ಜೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ಕಟ್ಟಿ 1979 ಮತ್ತು 1980ರಲ್ಲಿ ಯೂರೋಪಿಯನ್ ಕಪ್ ಗೆದ್ದರು!

ಇನ್ನು ಅಲೆಕ್ಸ್ ಫರ್ಗುಸನ್. ಸ್ಕಾಟ್ಲೆಂಡಿನ ಅಬರ್ಡೀನ್ ತಂಡದಿಂದ 1983ರಲ್ಲಿ ರಿಯಲ್ ಮ್ಯಾಡ್ರಿಡ್ಡನ್ನೇ ಮಣಿಸಿದವರು. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಮೊದಲ ಟ್ರೋಫಿ ಸಿಕ್ಕಿದ್ದು 1990ರಲ್ಲಿ, ಮೊದಲ ಲೀಗ್ ಪ್ರಶಸ್ತಿ 1993ರಲ್ಲಿ. ನಡುವೆ ಅವರನ್ನು ತೆಗೆಯಿರೆಂಬ ಕೂಗೂ ಎದ್ದಿತ್ತು. ಆಡಳಿತ ಮಂಡಳಿ ತಾಳಿಕೊಂಡಿತು. ಸಿಕ್ಕ ಕಾಲವನ್ನು ಅವರು ವ್ಯರ್ಥ ಮಾಡಲಿಲ್ಲ. ಆಟಗಾರರ ಕುಡಿತಕ್ಕೆ ಕಡಿವಾಣ ಹಾಕಿದರು, ಎಳೆಯ ಪ್ರತಿಭೆಗಳನ್ನು ಹುಡುಕುವ ಏರ್ಪಾಡನ್ನು ಹೊಸದಾಗಿ ಕಟ್ಟಿದರು. 2013ರಲ್ಲಿ ನಿವೃತ್ತರಾಗಿ ಮೋಯ್ಸ್ ಅವರಿಗೆ ಜಾಗ ಬಿಟ್ಟಾಗ ಅವರು ಗೆದ್ದ ಲೀಗ್ ಪ್ರಶಸ್ತಿಗಳು 13. ಅಂದರೆ, ಒಂದೇ ಕ್ಲಬ್ಬು ಒಬ್ಬರಿಗೆ ವರ್ಷಗಳನ್ನು ಕೊಟ್ಟಿತು, ಇನ್ನೊಬ್ಬರಿಗೆ ತಿಂಗಳುಗಳನ್ನು. ಮೋಯ್ಸ್ ಕೂಡ 2023ರಲ್ಲಿ ವೆಸ್ಟ್ ಹ್ಯಾಮ್ ತಂಡಕ್ಕೆ ಯೂರೋಪಿನ ಕಾನ್ಫರೆನ್ಸ್ ಲೀಗ್ ಗೆದ್ದುಕೊಟ್ಟರು.

ಸಣ್ಣ ಶಾಲೆಗೆ ಮೊದಲಿಗರಾಗಿದ್ದು, ದೊಡ್ಡ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳು ನಮ್ಮಲ್ಲೂ ಇದ್ದಾರೆ. ಹಳೆಯ ಅಂಕಪಟ್ಟಿ ಸುಳ್ಳಲ್ಲ; ಹೊಸ ಜಾಗ ಹೊಸ ವಿದ್ಯೆ ಕೇಳುತ್ತಿದೆ, ಅಷ್ಟೆ. ಅದನ್ನು ಕಲಿಯುವ ಛಲ ಮಕ್ಕಳಿಗಿರಲಿ. ಕಾಯುವ ತಾಳ್ಮೆ ತಂದೆ ತಾಯಿಯರಿಗಿರಲಿ.