ಏಳು ದಿನಗಳ ಲಂಕೆ ಮತ್ತು ನನ್ನ ವೇಳಾಪಟ್ಟಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತ್ತು. ಪತ್ರವೆಂದರೆ ಮಿಂಚಂಚೆಯೇ, ಆದರೆ ಒಕ್ಕಣೆಯೆಲ್ಲ ಹಳೆಯ ಪತ್ರಲೇಖನದ ಪಾಠದಂತೆಯೇ ಇದ್ದುದರಿಂದ ಹಾಗೆನ್ನುತ್ತಿದ್ದೇನೆ. ತಂದೆತಾಯಿಯರನ್ನು ಕರೆದುಕೊಂಡು ಒಂದು ವಾರ ಶ್ರೀಲಂಕೆಗೆ ಹೋಗಿಬರುವ ಯೋಚನೆ ಅವಳದು. ಗುಂಪಿನ ಬಸ್ಸು ಬೇಡ. ತಮಗಾಗಿಯೇ ಒಂದು ಕಾರು, ಅದನ್ನು ನಡೆಸುವವರೇ ಮಾರ್ಗದರ್ಶಿಯೂ ಆಗಿರುವ ಖಾಸಗಿ ಪ್ರವಾಸ. ಜೊತೆಗೆ ತಾನೇ ಸಿದ್ಧಪಡಿಸಿದ ಕೋಷ್ಟಕವೊಂದನ್ನು ಲಗತ್ತಿಸಿದ್ದಳು. ಏಳು ದಿನ, ಹನ್ನೊಂದು ಊರು, ಪ್ರತಿಯೊಂದರ ಮುಂದೆಯೂ ತಲಪುವ ವೇಳೆ, ಹೊರಡುವ ವೇಳೆ. "ಸರ್, ತಾವು ಹೋಗಿಬಂದವರು. ದಯವಿಟ್ಟು ತಿದ್ದಿಕೊಡಿ" ಎಂಬ ಕೋರಿಕೆ ಕೊನೆಯಲ್ಲಿತ್ತು.

ಅದನ್ನು ನೋಡಿ ಮೊದಲು ನಗು ಬಂತು, ಮರುಕ್ಷಣ ನಾಚಿಕೆಯಾಯಿತು. ಅದು ನಾನೇ ಬರೆದಂತಿತ್ತು. ನನ್ನ ಶಿಷ್ಯರಿಗೆ ನೆನಪಿರಬಹುದು, ನಮ್ಮ ಶಾಲೆಯ ವೇಳಾಪಟ್ಟಿಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ತಯಾರಿಸುತ್ತಿದ್ದವನು ನಾನು. ಜೂನ್ ಮೊದಲ ವಾರದಲ್ಲಿ ದೊಡ್ಡ ರಟ್ಟಿನ ಹಾಳೆಯ ಮೇಲೆ ನಾಲ್ಕು ಬಣ್ಣದ ಶಾಯಿಯಲ್ಲಿ ಗೆರೆ ಎಳೆದು, ಒಂದು ಮನೆಯೂ ಖಾಲಿ ಉಳಿಯದಂತೆ ತುಂಬುವುದರಲ್ಲಿ ನನಗೆ ಎಷ್ಟು ಹೆಮ್ಮೆಯಿತ್ತೋ, ಸಹೋದ್ಯೋಗಿಗಳಿಗೆ ನನ್ನ ಮೇಲೆ ಅಷ್ಟೇ ಸಿಟ್ಟೂ ಇತ್ತು. "ಉಸಿರಾಡುವುದಕ್ಕೆ ಯಾವ ಪೀರಿಯಡ್ ಸ್ವಾಮೀ?" ಎಂದು ಹಿಂದಿ ಪಂಡಿತರು ಕೇಳಿದ್ದರು. ನಿವೃತ್ತಿಯ ನಂತರವೂ ಆ ರೋಗ ಬಿಡಲಿಲ್ಲ. 2018ರ ಫೆಬ್ರವರಿಯಲ್ಲಿ ನಾನೂ ನನ್ನ ಹೆಂಡತಿಯೂ ಲಂಕೆಗೆ ಹೊರಟಾಗ ಅದೇ ರಟ್ಟಿನ ಹಾಳೆ, ಅದೇ ನಾಲ್ಕು ಬಣ್ಣ. ಆ ಪ್ರವಾಸದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ. ಇಂದು ಹೇಳಬೇಕಾಗಿದೆ.

ಮೊದಲು ಭೂಗೋಳವನ್ನು ಮುಗಿಸಿಬಿಡುತ್ತೇನೆ; ನಾಲಿಗೆಯ ಚಪಲ. ಶ್ರೀಲಂಕೆಯ ವಿಸ್ತೀರ್ಣ ಸುಮಾರು 65,610 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು. ತೆಂಕಣ ತುದಿಯಿಂದ ಬಡಗಣ ತುದಿಗೆ 430 ಕಿಲೋಮೀಟರಿನಷ್ಟು. ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಕಪ್ಪುಹಲಗೆಯ ಮೇಲೆ ಒಂದೇ ಎಳೆತದಲ್ಲಿ ಬಿಡಿಸಬಹುದಾದ ಈ ದ್ವೀಪವನ್ನು ಏಳು ದಿನಗಳಲ್ಲಿ ಪೂರ್ತಿ ಸುತ್ತಿಬಿಡಬಹುದೆಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ನಕ್ಷೆಯಲ್ಲಿ ಬೆಟ್ಟಗಳ ಏರು ಕಾಣುವುದಿಲ್ಲ, ತಿರುವುಗಳು ಕಾಣುವುದಿಲ್ಲ, ಸಂತೆಯ ದಿನದ ಪೇಟೆಬೀದಿಯಂತೂ ಕಾಣುವುದೇ ಇಲ್ಲ. ಕ್ಯಾಂಡಿಯಿಂದ ನುವಾರ ಎಳಿಯಕ್ಕೆ ಎಂಬತ್ತು ಕಿಲೋಮೀಟರ್ ಸಹ ಇಲ್ಲ. ಕಾರು ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೆ ಪುಣ್ಯ. ನನ್ನ ಹಾಳೆಯಲ್ಲಿ ಅದಕ್ಕೆ ಒಂದೂವರೆ ಗಂಟೆ ಕೊಟ್ಟಿದ್ದೆ.

ನನ್ನ ಯೋಜನೆ ಹೀಗಿತ್ತು. ಮೊದಲ ದಿನ ಕಟುನಾಯಕದ ವಿಮಾನ ನಿಲ್ದಾಣದಿಂದ ನೇರ ಅನುರಾಧಪುರ. ಎರಡನೆಯ ದಿನ ಪೊಲೊನ್ನರುವ. ಮೂರನೆಯ ದಿನ ಬೆಳಿಗ್ಗೆ ಸಿಗಿರಿಯ, ಮಧ್ಯಾಹ್ನ ದಂಬುಲ್ಲದ ಗುಹಾಲಯ, ಸಂಜೆ ಆರೂವರೆಗೆ ಕ್ಯಾಂಡಿಯ ದಂತಧಾತು ಮಂದಿರದ ಪೂಜೆ. ನಾಲ್ಕನೆಯ ದಿನ ಪೆರಾದೆನಿಯ ಸಸ್ಯೋದ್ಯಾನ, ನುವಾರ ಎಳಿಯ. ಐದನೆಯ ದಿನ ನಾನು ಓಯದಿಂದ ಬೆಟ್ಟದ ರೈಲು ಹಿಡಿದು ಎಲ್ಲ ಎಂಬ ಊರು. (ಊರಿನ ಹೆಸರೇ 'ಎಲ್ಲ'. ಸಿಂಹಳದಲ್ಲಿ ಆ ಮಾತಿಗೆ ಜಲಪಾತವೆಂದರ್ಥ. ಎಲ್ಲವನ್ನೂ ನೋಡಲು ಹೊರಟವನಿಗೆ ತಕ್ಕ ಊರೆಂದು ನನ್ನ ಹೆಂಡತಿ ಹಾಸ್ಯ ಮಾಡಿದಳು.) ಆರನೆಯ ದಿನ ಯಾಲಾ ಅಭಯಾರಣ್ಯ, ರಾತ್ರಿ ಗಾಲೆ. ಏಳನೆಯ ದಿನ ಗಾಲೆಯ ಡಚ್ಚರ ಕೋಟೆ, ಕೊಲಂಬೊ, ವಿಮಾನ.

ಸಿಗಿರಿಯದ ಬಂಡೆಯನ್ನು ಹತ್ತಲು ಸುಮಾರು 1,200 ಮೆಟ್ಟಿಲು. ಐದನೆಯ ಶತಮಾನದ ಕಶ್ಯಪನೆಂಬ ಅರಸನ ಅರಮನೆ ಅದರ ನೆತ್ತಿಯ ಮೇಲಿತ್ತು. ದಾರಿಯ ನಡುವೆ ಕನ್ನಡಿಗೋಡೆ ಎಂದು ಕರೆಯುವ ನುಣುಪಾದ ಗೋಡೆಯೊಂದಿದೆ. ಅಲ್ಲಿಯ ಭಿತ್ತಿಚಿತ್ರಗಳನ್ನು ನೋಡಲು ಬಂದ ಪ್ರಾಚೀನ ಯಾತ್ರಿಕರು ತಮ್ಮ ಮನಸ್ಸಿಗೆ ತೋಚಿದ್ದನ್ನು ಪದ್ಯಗಳಾಗಿ ಅದರ ಮೇಲೆ ಕೊರೆದು ಹೋಗಿದ್ದಾರೆ. ಪರಣವಿತಾನರೆಂಬ ವಿದ್ವಾಂಸರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. (ಇಂದು ಅದರ ಮೇಲೆ ಗೀಚುವುದು ಶಿಕ್ಷಾರ್ಹ ಅಪರಾಧ, ಯಾರೂ ಕವಿಗಳಾಗಲು ಹೋಗಬೇಡಿ.) ಸಾವಿರ ವರ್ಷಗಳಿಗೂ ಹಿಂದೆ ಯಾರೋ ಒಬ್ಬ ಪ್ರವಾಸಿ ಈ ಬಂಡೆಯ ನೆರಳಿನಲ್ಲಿ ಕುಳಿತು, ನೋಡಿ, ಯೋಚಿಸಿ, ಛಂದಸ್ಸು ಕೂಡಿಸಿ ಬರೆದನಲ್ಲ, ಅವನಿಗೆಷ್ಟು ಬಿಡುವಿತ್ತು! ವರ್ಷಗಟ್ಟಲೆ ಈ ಗೋಡೆಯ ಬಗ್ಗೆ ಓದಿದ್ದ ನಾನು ಅದರ ಮುಂದೆ ನಿಂತದ್ದು ಮೂರು ನಿಮಿಷ. ಮೊಣಕಾಲಿನ ನೋವಿದ್ದ ನನ್ನ ಹೆಂಡತಿ ಸಿಂಹದ ಪಂಜಗಳ ಬಳಿ ಕುಳಿತುಬಿಟ್ಟಳು. ನಾನೊಬ್ಬನೇ ಮೇಲೆ ಹೋಗಿ, ಗಡಿಯಾರ ನೋಡಿಕೊಂಡು, ಇಳಿದು ಬಂದೆ.

ಅದೇ ಮಧ್ಯಾಹ್ನ ದಂಬುಲ್ಲದಿಂದ ಕ್ಯಾಂಡಿಯ ಕಡೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ಮಾತಲೆ ಎಂಬ ಪಟ್ಟಣ ಸಿಗುತ್ತದೆ. ಅದನ್ನು ಸಮೀಪಿಸುತ್ತಿದ್ದಂತೆ ನಮ್ಮ ಚಾಲಕರು ಒಂದು ಕವಲುದಾರಿಯ ಬಳಿ ಕಾರನ್ನು ತುಸು ನಿಧಾನ ಮಾಡಿ, ಎಡಕ್ಕೆ ನೋಡಿ, ಮತ್ತೆ ಮುಂದೆ ನಡೆಸಿದರು. ಇಂಥವು ನನ್ನ ಹೆಂಡತಿಯ ಕಣ್ಣಿಗೆ ತಪ್ಪುವುದಿಲ್ಲ. ಏನೆಂದು ಕೇಳಿದಳು. "ನಮ್ಮ ಮನೆ ಅಮ್ಮಾ, ಒಳಗೆ ನಾಲ್ಕು ಕಿಲೋಮೀಟರ್" ಎಂದರು. ಮತ್ತೂ ಕೇಳಿದ ಮೇಲೆ, ತಂದೆ ಹಾಸಿಗೆ ಹಿಡಿದಿದ್ದಾರೆಂದೂ, ಒಂದರ ಹಿಂದೆ ಒಂದು ಪ್ರವಾಸ ಬಂದುದರಿಂದ ತಾವು ಮನೆಗೆ ಹೋಗಿ ಹತ್ತೊಂಬತ್ತು ದಿನವಾಯಿತೆಂದೂ ತಿಳಿಯಿತು. "ಹೋಗಿ ಬರೋಣ" ಎಂದಳು ನನ್ನ ಹೆಂಡತಿ. ನಾನು ತೊಡೆಯ ಮೇಲಿದ್ದ ಹಾಳೆಯನ್ನು ನೋಡಿದೆ. ಆರೂವರೆಯ ಪೂಜೆ ತಪ್ಪಿದರೆ ಮತ್ತೆ ಸಿಗದು. "ಮರಳಿ ಬರುವಾಗ ನೋಡೋಣ" ಎಂದೆ. ನಾವು ಆ ದಾರಿಯಲ್ಲಿ ಮರಳುವವರಲ್ಲವೆಂದು ಹಾಳೆ ಬರೆದ ನನಗೂ ಗೊತ್ತಿತ್ತು, ಕಾರು ನಡೆಸುವ ಅವರಿಗೂ ಗೊತ್ತಿತ್ತು. "ಪರವಾಗಿಲ್ಲ ಸರ್, ಇದು ನಮ್ಮ ಕೆಲಸ" ಎಂದು ಅವರು ನಕ್ಕರು.

ಕ್ಯಾಂಡಿಯನ್ನು ನಾವು ಮುಟ್ಟಿದ್ದು ಐದು ಗಂಟೆಗೆ. ಪೂಜೆಗೆ ಇನ್ನೂ ಒಂದೂವರೆ ಗಂಟೆಯಿತ್ತು. ಅದನ್ನು ಕೆರೆಯ ದಂಡೆಯ ಮೇಲೆ ಕಡಲೆಕಾಯಿ ತಿನ್ನುತ್ತ ಕಳೆದೆವು. ನನ್ನ ಹೆಂಡತಿ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ.

ಆರನೆಯ ದಿನ ಇನ್ನೊಂದು ಪಾಠ. ಯಾಲಾದಲ್ಲಿ ಚಿರತೆ ನೋಡಬೇಕೆಂದು ಬೆಳಗಿನ ಜಾವ ಮೂರಕ್ಕೆ ಹೊರಡಿಸಿದ್ದೆ. ಸಂಜೆ ಗಾಲೆಯ ಕಡೆಗೆ ಹೋಗುವಾಗ ಎದುರುಗನ್ನಡಿಯಲ್ಲಿ ಚಾಲಕರ ಕಣ್ಣೆವೆ ಬಾಗುತ್ತಿರುವುದನ್ನು ಕಂಡು ನನ್ನ ಹೆಂಡತಿ ಕಾರನ್ನು ನಿಲ್ಲಿಸಿದಳು. ಹಿಂದಿನ ರಾತ್ರಿ ನಮ್ಮ ವಸತಿಗೃಹದಲ್ಲಿ ಅವರಿಗೆ ಸರಿಯಾದ ಹಾಸಿಗೆಯೂ ಸಿಕ್ಕಿರಲಿಲ್ಲವೆಂಬುದು ಆಗ ತಿಳಿಯಿತು. ತೆಂಗಿನ ನೆರಳಿನಲ್ಲಿ ಅವರು ನಲವತ್ತು ನಿಮಿಷ ಮಲಗಿದರು. ನಮ್ಮಿಬ್ಬರ ಪ್ರಾಣವೂ ಅವರ ಕಣ್ಣೆವೆಯ ಮೇಲಿತ್ತೆಂಬುದು ನನ್ನ ನಾಲ್ಕು ಬಣ್ಣದ ಹಾಳೆಯ ಯಾವ ಮನೆಯಲ್ಲಿಯೂ ಬರೆದಿರಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಖಾಸಗಿ ಪ್ರವಾಸಕ್ಕೆ ಗುಂಪಿನ ಪ್ರವಾಸಕ್ಕಿಂತ ಹೆಚ್ಚು ಹಣ ತೆರುತ್ತೇವೆ. ಆ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಸಿಗುವುದು ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ. ಮೊಣಕಾಲು ನೊಂದರೆ ಕುಳಿತುಕೊಳ್ಳುವ, ಗೋಡೆಯ ಮುಂದೆ ಒಂದು ಗಂಟೆ ನಿಲ್ಲುವ, ಕವಲುದಾರಿಯಲ್ಲಿ ಎಡಕ್ಕೆ ತಿರುಗುವ ಸ್ವಾತಂತ್ರ್ಯ. ಅದನ್ನು ಕೊಂಡುಕೊಂಡು, ಮನೆಯಿಂದ ಹೊರಡುವ ಮೊದಲೇ ನಿಮಿಷ ನಿಮಿಷವಾಗಿ ಮಾರಿಬಿಡುವುದು ಬುದ್ಧಿವಂತಿಕೆಯೆಂದು ನನಗೆ ತೋರುವುದಿಲ್ಲ. ಹನ್ನೊಂದು ಊರು ನೋಡಲೇಬೇಕೆನ್ನುವವರಿಗೆ ಬಸ್ಸೇ ಸಾಕು.

"ಜೀವನದಲ್ಲಿ ಒಂದು ಸಲ ಹೋಗುವುದು ಸರ್, ಬಿಟ್ಟುಬಂದರೆ ಹೇಗೆ?" ಎಂದು ನೀವು ಕೇಳಬಹುದು. ಸಂಬಳದಲ್ಲಿ ಉಳಿಸಿ ಹೊರಡುವವರಿಗೆ ಈ ಸಂಕಟವಿದ್ದೇ ಇರುತ್ತದೆ, ನಾನದನ್ನು ಅಲ್ಲಗಳೆಯಲಾರೆ. ಆದರೆ ಹಾಗೆ ಎಲ್ಲವನ್ನೂ ನೋಡಿಬಂದ ನನ್ನನ್ನು ಕೇಳಿ. ಪೊಲೊನ್ನರುವದ ಬುದ್ಧನ ಮುಖ ಇಂದು ನನಗೆ ನೆನಪಿಲ್ಲ. ಫೋಟೋ ನೋಡಿಯೇ ಹೇಳಬೇಕು. ಮಾತಲೆಯ ಆ ಕವಲುದಾರಿ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಯೋಜನೆ ಮಾಡುವವರಿಗೆ ನನ್ನ ಸಲಹೆ ಇಷ್ಟು. ಆರು ರಾತ್ರಿಗೆ ಮೂರೇ ವಸತಿ ಇಟ್ಟುಕೊಳ್ಳಿ: ಸಿಗಿರಿಯದ ಬಳಿ ಎರಡು, ಕ್ಯಾಂಡಿಯಲ್ಲಿ ಎರಡು, ಉಳಿದೆರಡು ಬೆಟ್ಟದಲ್ಲಿ ಇಲ್ಲವೆ ಗಾಲೆಯ ಕಡಲತೀರದಲ್ಲಿ. ಬೆಟ್ಟ, ಕಡಲು ಎರಡೂ ಬೇಕೆಂಬ ಆಸೆಯೇ ಎಲ್ಲ ಅವಸರದ ಮೂಲ. ಬಡಗಣ ಜಾಫ್ನಾವನ್ನಂತೂ ಈ ವಾರದೊಳಗೆ ತುರುಕಬೇಡಿ. ದ್ವೀಪಕ್ಕೆ ಎರಡು ಮುಂಗಾರುಗಳೆಂಬುದನ್ನು ಮರೆಯಬೇಡಿ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಗಾಲೆಯ ತೀರವನ್ನೂ ಬೆಟ್ಟಗಳನ್ನೂ ತೋಯಿಸಿದರೆ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತವು ತ್ರಿಕೋನಮಲೆಯ ಕಡೆಯನ್ನು ತೋಯಿಸುತ್ತದೆ. ಮೇಲಿನ ದಾರಿಗೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತವು ಬೆಟ್ಟಸೀಮೆಯ ರಸ್ತೆಗಳಿಗೂ ರೈಲುಮಾರ್ಗಕ್ಕೂ ತುಂಬ ಹಾನಿ ಮಾಡಿತು. ರೈಲನ್ನು ನಂಬಿ ಯೋಜಿಸುವವರು ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಸಾರ್ಕ್ ದೇಶದವರಿಗೆ ಕೆಲವು ಪುರಾತನ ಸ್ಥಳಗಳ ಪ್ರವೇಶ ಶುಲ್ಕದಲ್ಲಿ ರಿಯಾಯಿತಿಯುಂಟು, ಆದುದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇನ್ನು ಚಾಲಕರ ವಿಷಯ. ಅಲ್ಲಿಯ ಪ್ರವಾಸೋದ್ಯಮ ಪ್ರಾಧಿಕಾರವು ಚಾಲಕ ಮಾರ್ಗದರ್ಶಿಗಳಿಗೆ ಪರವಾನಗಿ ಕೊಡುತ್ತದೆ; ಅಂಥವರನ್ನೇ ಗೊತ್ತುಮಾಡಿ. ಒಪ್ಪಿದ ಮೊತ್ತದಲ್ಲಿ ಇಂಧನ, ಅವರ ಊಟ, ಅವರ ವಸತಿ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಪ್ರತಿ ಊರಿನಲ್ಲಿಯೂ ಅವರು ಮಲಗುವುದೆಲ್ಲಿ ಎಂಬುದನ್ನೂ ಕೇಳಿ. ಮಸಾಲೆ ತೋಟಕ್ಕೋ ರತ್ನದಂಗಡಿಗೋ ಕರೆದೊಯ್ದು ಕಮಿಷನ್ ಪಡೆಯುತ್ತಾರೆಂದು ಹಲವರು ದೂರುತ್ತಾರೆ. ಅದು ಇಲ್ಲವೆನ್ನಲಾರೆ. ಆದರೆ 2019ರ ಏಪ್ರಿಲ್‌ನ ಬಾಂಬ್ ಸ್ಫೋಟಗಳು, 2020ರ ಕೊರೋನಾ, 2022ರ ಇಂಧನದ ಬರ, ಹೀಗೆ ಪೆಟ್ಟಿನ ಮೇಲೆ ಪೆಟ್ಟು ತಿಂದ ಕಸುಬು ಅದು. ನಾವು ಚೌಕಾಸಿ ಮಾಡಿ ಕಡಿಮೆಗೆ ಒಪ್ಪಿಸಿದ ಹಣವನ್ನು ಅವರು ಅಂಗಡಿಯವನಿಂದ ತುಂಬಿಕೊಳ್ಳುತ್ತಾರೆ, ಅಷ್ಟೆ. ನ್ಯಾಯವಾದ ದರಕ್ಕೆ ಒಪ್ಪಿ, ಅಂಗಡಿ ಬೇಡವೆಂದು ಮೊದಲೇ ವಿನಯದಿಂದ ಹೇಳುವುದು ಇಬ್ಬರಿಗೂ ಗೌರವ.

ನನ್ನ ಶಿಷ್ಯೆಯ ಕೋಷ್ಟಕವನ್ನು ಮೊನ್ನೆ ತಿದ್ದಿ ಕಳುಹಿಸಿದೆ. ಹನ್ನೊಂದು ಊರುಗಳಲ್ಲಿ ಏಳನ್ನು ಹೊಡೆದುಹಾಕಿದ್ದೇನೆ. ಮೂರನೆಯ ದಿನದ ಮಧ್ಯಾಹ್ನದ ಮನೆಯನ್ನು ಪೂರ್ತಿ ಖಾಲಿ ಬಿಟ್ಟು, ಅದರಲ್ಲಿ 'ಬಿಡುವು' ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದೇನೆ. ಕೆಳಗೆ ಒಂದು ಟಿಪ್ಪಣಿ: "ಮೊದಲ ದಿನವೇ ಚಾಲಕರನ್ನು ಅವರ ಮನೆ ಯಾವ ಊರಿನಲ್ಲಿದೆಯೆಂದು ಕೇಳು. ಅದು ನಿಮ್ಮ ದಾರಿಯಲ್ಲಿದ್ದರೆ ಈ ಮನೆಯನ್ನು ಅದಕ್ಕೆ ಉಪಯೋಗಿಸು. ಇಲ್ಲದಿದ್ದರೆ ಅಪ್ಪ ಅಮ್ಮನನ್ನು ಒಂದು ಮರದ ಕೆಳಗೆ ಕೂರಿಸಿ ಎಳನೀರು ಕೊಡಿಸು."

ಹಿಂದಿ ಪಂಡಿತರು ಈಗ ಇದ್ದಿದ್ದರೆ ಅವರಿಗೂ ಒಂದು ಪ್ರತಿ ಕಳುಹಿಸುತ್ತಿದ್ದೆ.