ವೈನಿಗೆ ಬೆಲೆ ಕಟ್ಟುವ ಹಕ್ಕು ಯಾರದು?

ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಶೆವಾಲ್ ಬ್ಲಾಂ ಮತ್ತು ಒಸೋನ್ ಎಂಬ ಎರಡು ಹೆಸರಾಂತ ದ್ರಾಕ್ಷಿ ಎಸ್ಟೇಟ್‌ಗಳು 2021ರಲ್ಲಿ ಸೇಂಟ್ ಎಮಿಲಿಯೋಂನ ಅಧಿಕೃತ ಶ್ರೇಣಿ ಪಟ್ಟಿಯಿಂದ ಹೊರಬಂದವು. 1955ರಲ್ಲಿ ಪಟ್ಟಿ ಶುರುವಾದಾಗಿನಿಂದಲೂ ಇವು ಅಗ್ರಶ್ರೇಣಿಯಲ್ಲೇ ಇದ್ದವು. 2022ರ ಜನವರಿಯಲ್ಲಿ ಆಂಜೆಲುಸ್ ಕೂಡ ಅದೇ ಹಾದಿ ಹಿಡಿಯಿತು. ಕೆಳದರ್ಜೆಗೆ ಬಿದ್ದವರು ಪಟ್ಟಿಯನ್ನು ದೂರುವುದು ಸಹಜ. ತುದಿಯಲ್ಲಿದ್ದವರೇ ಅದನ್ನು ತೊರೆದಾಗ ಆ ವ್ಯಾಪಾರದ ಅಧಿಕಾರ ಎಲ್ಲಿಗೆ ಸರಿದಿದೆ ಎಂಬುದು ಸ್ಪಷ್ಟವಾಗುತ್ತದೆ. ವೈನಿನ ಗುಣ ಅಳೆದು ಬೆಲೆ ಸೂಚಿಸುವ ಹಕ್ಕು ಹಿಂದೆ ದಳ್ಳಾಳಿಗಳಲ್ಲಿತ್ತು, ಆಮೇಲೆ ವಿಮರ್ಶಕರಿಗೆ ಬಂತು, ಈಗ ಮಾಲೀಕರ ಕೈಸೇರುತ್ತಿದೆ. ಈ ಕೊನೆಯ ಪಲ್ಲಟ ಸಣ್ಣ ಬೆಳೆಗಾರರಿಗೂ ಕೊಳ್ಳುವವರಿಗೂ ಹಿತಕರವಲ್ಲ.

1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಬೋರ್ಡೊ ವಾಣಿಜ್ಯ ಮಂಡಳಿ ಅಲ್ಲಿನ ದಳ್ಳಾಳಿಗಳ ಸಂಘದಿಂದ ಒಂದು ಪಟ್ಟಿ ತರಿಸಿತು. ಯಾವ ಎಸ್ಟೇಟಿನ ವೈನ್ ವರ್ಷಗಳಿಂದ ಎಷ್ಟಕ್ಕೆ ಬಿಕರಿಯಾಗುತ್ತಿದೆ ಎಂಬ ಲೆಕ್ಕ ದಳ್ಳಾಳಿಗಳ ಬಳಿ ಇತ್ತು. ಅದನ್ನೇ ಆಧರಿಸಿ ಅವರು ಮೆಡಾಕ್ ಸೀಮೆಯ ಕೆಂಪು ವೈನ್‌ಗಳನ್ನೂ ಗ್ರಾವ್ ಸೀಮೆಯ ಓ ಬ್ರಿಯೋಂ ಅನ್ನೂ ಐದು ದರ್ಜೆಗಳಲ್ಲಿ ಕೂರಿಸಿದರು. ದಳ್ಳಾಳಿ ತೋಟದ ಒಡೆಯನಲ್ಲ, ಸಗಟು ವ್ಯಾಪಾರಿಯೂ ಅಲ್ಲ. ಇಬ್ಬರ ನಡುವೆ ನಿಂತು ಶೇ 2ರಷ್ಟು ಕಮಿಷನ್ ಪಡೆಯುವ ಅವನು ಒಬ್ಬರ ಪಕ್ಷ ವಹಿಸಿದರೆ ಅವನ ಕಸುಬಿಗೇ ಪೆಟ್ಟು. ಹಾಗಾಗಿ ಪಟ್ಟಿಗೆ ವಿಶ್ವಾಸಾರ್ಹತೆ ಬಂತು. ಆದರೆ ಅದು ಅಲ್ಲೇ ಹೆಪ್ಪುಗಟ್ಟಿತು. ಎರಡನೇ ದರ್ಜೆಯಲ್ಲಿದ್ದ ಮೂಟೋನ್ ಎಸ್ಟೇಟನ್ನು ಮೊದಲ ದರ್ಜೆಗೆ ಏರಿಸಲು ಅದರ ಒಡೆಯ ಬ್ಯಾರನ್ ಫಿಲಿಪ್ ದ ರಾಥ್‌ಸ್‌ಚೈಲ್ಡ್ ದಶಕಗಳ ಕಾಲ ಹೋರಾಡಬೇಕಾಯಿತು. 1973ರಲ್ಲಿ, ಆಗ ಕೃಷಿ ಸಚಿವರಾಗಿದ್ದ ಜಾಕ್ ಶಿರಾಕ್ ಅವರ ಸಹಿಯೊಂದಿಗೆ ಅದು ಕೈಗೂಡಿತು. ಬಡ್ತಿ ಎಂದು ಆ ಪಟ್ಟಿಯಲ್ಲಿ ನಡೆದದ್ದು ಅದೊಂದೇ.

ಈ ಜಡತೆಯನ್ನು ಕದಲಿಸಿದವರು ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್. 1978ರಲ್ಲಿ ಅವರು ಆರಂಭಿಸಿದ ‘ದಿ ವೈನ್ ಅಡ್ವೊಕೇಟ್’ ಜಾಹೀರಾತುಗಳನ್ನು ದೂರವಿಟ್ಟು, ನೂರಕ್ಕೆ ಇಷ್ಟು ಎಂದು ವೈನಿಗೆ ಅಂಕ ಕೊಟ್ಟಿತು. 1982ರ ಫಸಲು ಅಸಾಧಾರಣ ಎಂದು ಗಟ್ಟಿಯಾಗಿ ಸಾರಿದ ಮೇಲೆ ಅವರ ಮಾತಿಗೆ ತೂಕ ಬಂತು. ಬೋರ್ಡೊದಲ್ಲಿ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ಕೊಯ್ಲಿನ ಮರುವರ್ಷದ ವಸಂತದಲ್ಲಿ, ಮುಂಗಡವಾಗಿ ಮಾರುವ ಪದ್ಧತಿಯಿದೆ. ಪಾರ್ಕರ್ ಅಂಕ ಬರಲಿ ಎಂದು ದೊಡ್ಡ ಎಸ್ಟೇಟ್‌ಗಳೂ ಬೆಲೆ ಪ್ರಕಟಿಸದೆ ಕಾಯುವಂತಾಯಿತು. ಒಬ್ಬರ ನಾಲಿಗೆಯ ರುಚಿಗೆ ಒಂದು ಪ್ರಾಂತ್ಯವೇ ಒಗ್ಗಿಕೊಂಡಿತು, ಗಾಢ ಬಣ್ಣದ, ಹಣ್ಣಿನ ರುಚಿ ಮುಂದಾದ ವೈನ್‌ಗಳೇ ಹೆಚ್ಚಿದವು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ಅಂಕಪದ್ಧತಿ ಹೊಸಬರಿಗೆ ಬಾಗಿಲು ತೆರೆಯಿತು. ಮೊದಲು ಬ್ಯಾಂಕ್ ನೌಕರರಾಗಿದ್ದ ಜಾನ್ ಲುಕ್ ತುನೆವಾಂ ಪುಟ್ಟ ತೋಟವೊಂದರ ದ್ರಾಕ್ಷಿಯಿಂದ 1991ರಲ್ಲಿ ಆರಂಭಿಸಿದ ವಲಾಂದ್ರೊ, 2012ರಲ್ಲಿ ಸೇಂಟ್ ಎಮಿಲಿಯೋಂನ ಮೇಲ್ದರ್ಜೆಗೆ ಸೇರಿತು. ಜೊತೆಗೆ, ಒಬ್ಬ ವಿಮರ್ಶಕನ ಅಂಕ ಸರಿಯಿಲ್ಲ ಎಂದು ಹೇಳಲು ಇನ್ನೊಬ್ಬ ವಿಮರ್ಶಕನಿಗೆ ಅವಕಾಶ ಇದ್ದೇ ಇತ್ತು.

ಐಷಾರಾಮಿ ಸರಕಿನ ಉದ್ಯಮಿಗಳು ತೋಟಗಳ ಒಡೆಯರಾದಾಗ ಈ ಅವಕಾಶವೇ ಕುಗ್ಗುತ್ತದೆ. ಫ್ರಾಂಸ್ವಾ ಪಿನೊ 1993ರಲ್ಲಿ ಶಾತೊ ಲಾತೂರ್ ಕೊಂಡರು. ಬರ್ನಾರ್ಡ್ ಅರ್ನೊ 1998ರಲ್ಲಿ ಬೆಲ್ಜಿಯಂನ ಆಲ್ಬರ್ಟ್ ಫ್ರೆರ್ ಜೊತೆಗೂಡಿ ಶೆವಾಲ್ ಬ್ಲಾಂ ಕೊಂಡರು. ಮರುವರ್ಷ ಶಾತೊ ದಿಕೆಂ ಅರ್ನೊ ಅವರ ಎಲ್‌ವಿಎಂಎಚ್ ಸಮೂಹದ ಪಾಲಾಯಿತು. ಬರ್ಗಂಡಿಯ ಮೊರೆ ಸೇಂಟ್ ಡೆನಿ ಎಂಬ ಒಂದೇ ಊರಿನಲ್ಲಿ ಕ್ಲೊ ದೆ ಲಾಂಬ್ರೆ 2014ರಲ್ಲಿ ಅರ್ನೊ ಬಳಗಕ್ಕೂ ಕ್ಲೊ ದ ತಾರ್ 2017ರಲ್ಲಿ ಪಿನೊ ಕುಟುಂಬಕ್ಕೂ ಸೇರಿದವು. 2012ರಲ್ಲಿ ಲಾತೂರ್ ಮುಂಗಡ ಮಾರಾಟದಿಂದಲೇ ಹಿಂದೆ ಸರಿಯಿತು. ವೈನ್ ಕುಡಿಯುವ ಹದಕ್ಕೆ ಬಂದಾಗ, ತನಗೆ ಸರಿಕಂಡ ಬೆಲೆಗೆ ಬಿಡುಗಡೆ ಮಾಡುವುದಾಗಿ ಹೇಳಿತು. ಹತ್ತು ವರ್ಷದ ಸರಕನ್ನು ನೆಲಮಾಳಿಗೆಯಲ್ಲಿ ಇಟ್ಟು ಕಾಯಬಲ್ಲ ಬಂಡವಾಳಕ್ಕೆ ದಳ್ಳಾಳಿಯ ಬೆಲೆಪಟ್ಟಿಯೂ ಬೇಡ, ವಿಮರ್ಶಕರ ವಸಂತಕಾಲದ ಅಂಕವೂ ಬೇಡ. ತಕ್ಕಡಿ ಹಿಡಿದವನೂ ಸರಕು ಮಾರುವವನೂ ಒಬ್ಬನೇ ಆದ ಸಂತೆಯಲ್ಲಿ ತೂಕವನ್ನು ಪ್ರಶ್ನಿಸುವವರು ಯಾರು? ಇಂಥ ಖರೀದಿಗಳಿಂದ ಅಕ್ಕಪಕ್ಕದ ಜಮೀನಿನ ದರವೂ ಏರುತ್ತದೆ. ಉತ್ತರಾಧಿಕಾರ ತೆರಿಗೆ ಆ ದರದ ಮೇಲೆ ಬೀಳುವುದರಿಂದ, ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದ ಕುಟುಂಬಗಳು ತೆರಿಗೆ ಕಟ್ಟಲಾಗದೆ ಜಮೀನು ಮಾರುವ ಸ್ಥಿತಿ ಬರುತ್ತದೆ.

ದೊಡ್ಡ ಬಂಡವಾಳದಿಂದ ವೈನಿನ ಗುಣಮಟ್ಟ ಏರಿದೆ ಎಂಬ ವಾದವನ್ನು ಅಲ್ಲಗಳೆಯಲಾಗದು. ತಾಳ್ಮೆಯ ಬೇಸಾಯ, ಕಟ್ಟುನಿಟ್ಟಾದ ಆಯ್ಕೆ, ಎಸ್ಟೇಟಿನಲ್ಲೇ ಜೋಪಾನವಾಗಿ ಮಾಗಿದ ಬಾಟಲಿ, ಇವೆಲ್ಲ ಕೊಳ್ಳುವವರಿಗೆ ಲಾಭವೇ. ಅಧಿಕೃತ ಪಟ್ಟಿಗಳೂ ಕಳಂಕರಹಿತವಲ್ಲ. ಸೇಂಟ್ ಎಮಿಲಿಯೋಂನ 2006ರ ಪಟ್ಟಿಯನ್ನು ನ್ಯಾಯಾಲಯವೇ ರದ್ದುಪಡಿಸಿತು. ಮಣ್ಣು ಮತ್ತು ರುಚಿಗಿಂತ ಪ್ರಚಾರ, ಪ್ರವಾಸೋದ್ಯಮಕ್ಕೆ ಪಟ್ಟಿ ಮಣೆ ಹಾಕುತ್ತಿದೆ ಎಂದು ಹೊರನಡೆದವರು ಎತ್ತಿದ ತಕರಾರೂ ನ್ಯಾಯವಾದದ್ದೇ. ಆದರೆ ನ್ಯಾಯಾಲಯ ರದ್ದುಪಡಿಸಲು ಸಾಧ್ಯವಾದದ್ದು ಅದು ಸಾರ್ವಜನಿಕ ಪಟ್ಟಿಯಾಗಿದ್ದರಿಂದ. ಮಾಲೀಕ ತನಗೆ ತಾನೇ ಕೊಟ್ಟುಕೊಂಡ ಪದವಿಯನ್ನು ಯಾವ ನ್ಯಾಯಾಲಯವೂ ರದ್ದುಮಾಡಲಾರದು. ಕೆಟ್ಟ ಅಳತೆಗೋಲನ್ನು ತಿದ್ದಬೇಕೇ ಹೊರತು ಎಸೆಯಬಾರದು.

ಫ್ರಾನ್ಸಿನ ವೈನ್ ವ್ಯಾಪಾರದ ಅತ್ಯಂತ ಬಾಳಿಕೆಯ ಪ್ರಭಾವ ಹೀಗೆ ಅಳತೆಗೋಲನ್ನು ಕಟ್ಟಿದವರದೇ. ಕಲಬೆರಕೆ ಹಾಗೂ ಸುಳ್ಳು ಹೆಸರಿನ ಮಾರಾಟ ಮಿತಿಮೀರಿದ್ದ ಕಾಲದಲ್ಲಿ ಶಾತೊನೆಫ್ ದು ಪಾಪ್‌ನ ಬ್ಯಾರನ್ ಲೆ ರುವಾ 1923ರಲ್ಲಿ ಬೆಳೆಗಾರರನ್ನು ಒಗ್ಗೂಡಿಸಿ, ತಾವೂ ಪಾಲಿಸಬೇಕಾದ ಕಟ್ಟುಪಾಡುಗಳನ್ನು ಮುಂದಿಟ್ಟರು. ಸೆನೆಟರ್ ಜೋಸೆಫ್ ಕಾಪು ಅವರ ಪ್ರಯತ್ನದಿಂದ 1935ರಲ್ಲಿ ಅಂಥ ನಿಯಮಗಳು ಇಡೀ ದೇಶದ ಕಾನೂನಾದವು. ಊರಿನ ಹೆಸರು ಅಲ್ಲಿನ ಬೆಳೆಗಾರರೆಲ್ಲರ ಸ್ವತ್ತು ಎಂಬ ಆ ತತ್ವವೇ ವಿಶ್ವ ವಾಣಿಜ್ಯ ಒಪ್ಪಂದದ ಮೂಲಕ ಭಾರತದ 1999ರ ಭೌಗೋಳಿಕ ಸೂಚಕ ಕಾಯ್ದೆಗೂ ಬಂದಿದೆ. ನಂಜನಗೂಡು ರಸಬಾಳೆಗೆ ಸಿಕ್ಕ ರಕ್ಷಣೆಯ ಬೇರು ಅಲ್ಲಿದೆ. ಅರ್ನೊ, ಪಿನೊ ಅಂಥವರಿಗೆ ತೋಟ ಕೊಳ್ಳುವ ಹಕ್ಕಿದೆ, ಬೆಲೆ ಇಡುವ ಹಕ್ಕೂ ಇದೆ. ಆದರೆ ಅವರು ಬಳಸುವ ಊರಿನ ಹೆಸರನ್ನು ತಲೆಮಾರುಗಳ ಬೆಳೆಗಾರರು ಬೆವರು ಸುರಿಸಿ ಗಳಿಸಿಕೊಟ್ಟಿದ್ದಾರೆ. ಅದರ ಫಲ ಉಣ್ಣುವವರು ಎಲ್ಲರೊಂದಿಗೆ ಸಾರ್ವಜನಿಕ ಪರೀಕ್ಷೆಗೂ ಕೂರಬೇಕು. ಪರೀಕ್ಷಕರಿಗೆ ತೋಟದಲ್ಲಾಗಲಿ ಮಾರಾಟದಲ್ಲಾಗಲಿ ಪಾಲಿರಬಾರದು, ಹೆಸರು ಮರೆಮಾಚಿದ ಲೋಟದಿಂದಲೇ ರುಚಿ ನೋಡಬೇಕು, ತೀರ್ಪನ್ನು ಪ್ರಶ್ನಿಸಲು ಅತಿ ಸಣ್ಣ ಬೆಳೆಗಾರನಿಗೂ ದಾರಿಯಿರಬೇಕು. ಫ್ರಾನ್ಸ್ ಸರ್ಕಾರ ಮತ್ತು ಬೆಳೆಗಾರರ ಸಂಘಗಳು ಈ ಮೂರನ್ನು ಖಾತರಿಪಡಿಸಿದರೆ, ಪಟ್ಟಿ ಬಿಟ್ಟು ಹೋದವರಿಗೆ ಹೊರಗಿರಲು ನೆಪ ಉಳಿಯುವುದಿಲ್ಲ.